ಅಮಾವಾಸ್ಯೆಯ ಮಗ್ಗ

ಪುಟ್ಟಸಾಮಣ್ಣ ಯಾರ ಮನೆಗೆ ಹೋದರೂ ಮೊದಲು ಬಾಗಿಲನ್ನು ಒಂದೆರಡು ಸಲ ತೆರೆದು ಮುಚ್ಚಿ ನೋಡುತ್ತಿದ್ದ. ಒಳಗಿನವರು ಯಾರು ಎಂದು ಕೂಗಿದರೂ ಉತ್ತರ ಕೊಡುತ್ತಿರಲಿಲ್ಲ. ತಲೆ ಒಂದು ಕಡೆ ವಾಲಿಸಿ, ಬಾಯಿ ಅರ್ಧ ತೆರೆದು, ಬಾಗಿಲು ಕಿರುಗುಟ್ಟುವುದನ್ನು ಪೂರ್ತಿ ಕೇಳಿದ ಮೇಲೆಯೇ ಹೊಸಿಲು ದಾಟುತ್ತಿದ್ದ. ಕೊಳ್ಳೇಗಾಲದಲ್ಲಿ ನಾನು ಬಾಡಿಗೆ ಮನೆ ಹಿಡಿದ ಮೊದಲ ವಾರ ನನ್ನ ಬಾಗಿಲಿಗೂ ಇದೇ ಪರೀಕ್ಷೆ ನಡೆಯಿತು. ಕಳ್ಳನೋ ಹುಚ್ಚನೋ ತಿಳಿಯದೆ ನಾನು ಕೈಯಲ್ಲಿದ್ದ ಚೊಂಬನ್ನು ಎತ್ತಿ ಹಿಡಿದುಕೊಂಡೇ ಹೊರಗೆ ಬಂದೆ.

"ಮೇಷ್ಟ್ರೇ, ನಿಮ್ಮ ಬಾಗ್ಲು ಬಲೇ ಚೆನ್ನಾಗದೆ. ಎಣ್ಣೆಗಿಣ್ಣೆ ಬುಟ್ಟೀರಿ, ಉಸಾರು," ಎಂದ. ಆಮೇಲೆ ತಾನು ಎದುರು ಮನೆಯ ನೇಕಾರನೆಂದೂ ಹೆಸರು ಪುಟ್ಟಸ್ವಾಮಿಯೆಂದೂ ಹೇಳಿ, ಕುಡಿಯಲು ನೀರು ಕೇಳಿದ. ಚೊಂಬು ಹೇಗೂ ಕೈಯಲ್ಲೇ ಇತ್ತು, ಕೊಟ್ಟೆ. ಕುಡಿದು, ಖಾಲಿ ಚೊಂಬನ್ನು ಬೆರಳಿನಿಂದ ತಟ್ಟಿ ಕೇಳಿ, ತೃಪ್ತಿಯಾದಂತೆ ತಲೆಯಾಡಿಸಿ ಹೋದ.

ಐವತ್ತಾರನೇ ಇಸವಿ ಕಳೆದು ಸ್ವಲ್ಪ ದಿನವಾಗಿತ್ತು. ಕೊಳ್ಳೇಗಾಲ ಮದರಾಸಿನ ಕೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಯಳಂದೂರಿನವನು. ಮನಸ್ಸು ಮಾಡಿದರೆ ಅಲ್ಲಿಂದ ಇಲ್ಲಿಗೆ ನಡೆದೇ ಬರಬಹುದು. ಆದರೂ ನೇಕಾರರ ಬೀದಿಯಲ್ಲಿ ನನ್ನನ್ನು ಯಾವುದೋ ದೇಶಾಂತರದಿಂದ ಬಂದವನ ಹಾಗೆ ಮೈಸೂರು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ, ಶನಿವಾರ ಸಂಜೆ ಬೀದಿಯ ಭಜನೆಮನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದೆ. ನುಡಿಸುತ್ತಿದ್ದೆ ಎಂದರೆ, ಹಾಡುವವರು ಎಲ್ಲಿಗೆ ಹೋದರೆ ಅಲ್ಲಿಗೆ ಏದುಸಿರು ಬಿಡುತ್ತ ಹಿಂದಿನಿಂದ ಓಡುತ್ತಿದ್ದೆ. ಅಷ್ಟಕ್ಕೇ ಬೀದಿಯವರು ನನ್ನನ್ನು ಸಂಗೀತ ಬಲ್ಲವನೆಂದು ಮಾಡಿಬಿಟ್ಟಿದ್ದರು. ಹಾಳೂರಿಗೆ ಉಳಿದವನೇ ಗೌಡ.

ಪುಟ್ಟಸಾಮಣ್ಣ ಭಜನೆಗೆ ತಪ್ಪದೆ ಬರುತ್ತಿದ್ದ, ಹಾಡುತ್ತಿರಲಿಲ್ಲ. ಹಾಡು ಮುಗಿದು ಎಲ್ಲರೂ ಚರುಪಿನ ಪ್ರಸಾದಕ್ಕೆ ಕೈಯೊಡ್ಡಿದಾಗ ನನ್ನ ಪಕ್ಕ ಬಂದು ಕೂರುತ್ತಿದ್ದ. "ಮೇಷ್ಟ್ರೇ, ಆ ಮಣೆ ಮುಟ್ಬ್ಯಾಡಿ. ಬರೀ ತಿದಿ ಒತ್ತಿ," ಎನ್ನುತ್ತಿದ್ದ. ನಾನು ಸ್ವರ ಹಿಡಿಯದೆ ತಿದಿ ಮಾತ್ರ ಒತ್ತುತ್ತಿದ್ದೆ. ಪೆಟ್ಟಿಗೆ ಸುಮ್ಮನೆ ಉಸಿರಾಡುತ್ತಿತ್ತು. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. "ಇದೇ ಚಂದ. ಮಿಕ್ಕಿದ್ದೆಲ್ಲ ಇದ್ರ ಮೇಲೆ ಬಳ್ದಿದ್ದು," ಎನ್ನುತ್ತಿದ್ದ. ನನ್ನ ಸಂಗೀತದ ಬಗ್ಗೆ ನನಗೂ ಅಂಥ ದೊಡ್ಡ ಅಭಿಪ್ರಾಯ ಇರಲಿಲ್ಲವಾದ್ದರಿಂದ ಸಿಟ್ಟು ಬರುತ್ತಿರಲಿಲ್ಲ.

ಅವನ ಆಸೆ ಮಾತ್ರ ಸಣ್ಣದಾಗಿರಲಿಲ್ಲ. ಸದ್ದನ್ನು ಸದ್ದಾಗಿಯೇ ಕೂತು ಕೇಳಬೇಕು, ಕಚೇರಿಯಲ್ಲಿ ಪಿಟೀಲು ಕೇಳುವಷ್ಟೇ ಮರ್ಯಾದೆಯಿಂದ ಕೇಳಬೇಕು, ತಾನು ಅದನ್ನು ಜನಕ್ಕೆ ಒಂದು ಸಲವಾದರೂ ಕೇಳಿಸಬೇಕು. ಇಷ್ಟೇ ಅವನ ತಲೆಯಲ್ಲಿದ್ದದ್ದು. ಇದನ್ನು ಅವನು ಹೇಳಿದಾಗ ಬೀದಿಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಮನೆಗೆ ಬಂದು ಬಾಗಿಲು ಹಾಕುವಾಗ ನನಗೆ ಗೊತ್ತಿಲ್ಲದೆ ಕಿವಿಗೊಡುತ್ತಿದ್ದೆ.

ಒಂದು ಸಲ ಹನೂರಿನ ನಾಟಕದವರು ಅವನನ್ನು ಕರೆಸಿಕೊಂಡರು. ಅವರ ಪೌರಾಣಿಕ ನಾಟಕದಲ್ಲಿ ಕಾಡಿನಲ್ಲಿ ಮಳೆ ಬರುವ ದೃಶ್ಯವಿತ್ತು. ಪುಟ್ಟಸಾಮಣ್ಣ ಮೊರ, ರಾಗಿ, ತಗಡು, ಒದ್ದೆ ಗೋಣಿ ಎಲ್ಲ ಕಟ್ಟಿಕೊಂಡು ಬಸ್ಸು ಹತ್ತಿದ. ನಾನು ಹಾರ್ಮೋನಿಯಂ ಮಾಸ್ತರರಿಗೆ ಸಹಾಯಕ್ಕೆಂದು ಜೊತೆಗೆ ಹೋಗಿದ್ದೆ. ಪರದೆಯ ಹಿಂದೆ ಅವನು ರಾಗಿಯನ್ನು ಮೊರದ ಮೇಲೆ ಹೊರಳಿಸಿದಾಗ ಮುಂದೆ ಕೂತಿದ್ದ ಮುದುಕನೊಬ್ಬ ಟವೆಲನ್ನು ತಲೆಯ ಮೇಲೆ ಎಳೆದುಕೊಂಡದ್ದನ್ನು ಕಂಡೆ. ಆದರೆ ಪುಟ್ಟಸಾಮಣ್ಣ ನಿಲ್ಲಿಸಲಿಲ್ಲ. ರಾಜನ ಪಾತ್ರದವನು ಮಾತು ಶುರುಮಾಡಲು ಬಾಯಿ ತೆರೆದು ಮುಚ್ಚಿ ಸುಸ್ತಾದ. ಕೊನೆಗೆ ಸಭೆಯಿಂದಲೇ ಯಾರೋ, "ಮಳೆ ಸಾಕು ಕಣಪ್ಪೋ, ಕೆರೆ ತುಂಬ್ತು, ಹಾಡು ಸುರುಮಾಡ್ರಿ," ಎಂದು ಕೂಗಿದರು. ನಾಟಕ ಮುಗಿದ ಮೇಲೆ ಊರ ಹಿರಿಯರು ಅವನ ಬೆನ್ನು ತಟ್ಟಿ, ಮಳೆ ಥೇಟು ಮಳೆಯಂತೆಯೇ ಹುಯ್ಯಿತು ಎಂದು ಹೊಗಳಿದರು.

ವಾಪಸು ಬರುವ ಬಸ್ಸಿನಲ್ಲಿ ಅವನು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮಧುವನಹಳ್ಳಿ ದಾಟಿದ ಮೇಲೆ, "ನಾನು ಮಳೆ ಮಾಡ್ನಿಲ್ಲ ಮೇಷ್ಟ್ರೇ. ರಾಗಿನ ರಾಗಿ ಅಂತ್ಲೇ ಕೇಳುಸ್ದೆ. ಅವ್ರು ಮಳೆ ಅಂದ್ಕಂಡ್ರು," ಎಂದ. ಹೊಗಳಿಕೆಯಿಂದ ಅಷ್ಟು ನೊಂದವರನ್ನು ನಾನು ಬೇರೆ ನೋಡಿಲ್ಲ. ಮತ್ತೆ ಯಾವ ನಾಟಕಕ್ಕೂ ಅವನು ಹೋಗಲಿಲ್ಲ.

ಆಮೇಲೆ ಅವನು ತನ್ನ ಮಗ್ಗವನ್ನೇ ಹಿಡಿದ. ಅವನದು ಎಲ್ಲರ ಹಾಗೆ ಗುಂಡಿಮಗ್ಗ. ನೇಯುವವನು ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂರಬೇಕು. ಸೀರೆಗೆ ಅಂಚು, ಸೆರಗು ಬರಲು ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಪೆಟ್ಟಿಗೆ ಇರುತ್ತದೆ. ಅದರಿಂದ ತೂತು ಹೊಡೆದ ರಟ್ಟುಗಳ ಸರ ಇಳಿಬಿದ್ದಿರುತ್ತದೆ. ಕಾಲಲ್ಲಿ ತುಳಿದಂತೆ ಒಂದೊಂದೇ ರಟ್ಟು ಮುಂದೆ ಬರುತ್ತದೆ, ತೂತು ಇದ್ದ ಕಡೆಯ ಎಳೆಗಳು ಮೇಲೇಳುತ್ತವೆ. ತೂತು ಹೆಚ್ಚಿದ್ದರೆ ಎಳೆ ಹೆಚ್ಚು, ಏಳುವಾಗ ಬೀಳುವಾಗ ಭಾರವಾದ ಸದ್ದು. ಕಮ್ಮಿಯಿದ್ದರೆ ಹಗುರ. ಮಾವಿನಕಾಯಿ ಅಂಚಿನ ಸದ್ದೇ ಬೇರೆ, ಗೋಪುರದ ಅಂಚಿನ ಸದ್ದೇ ಬೇರೆ. ಇದು ಬೀದಿಯ ಎಲ್ಲರಿಗೂ ಗೊತ್ತಿದ್ದ ಸಂಗತಿ, ಕಣ್ಣು ಮುಚ್ಚಿಕೊಂಡು ಪಕ್ಕದ ಮನೆಯಲ್ಲಿ ಯಾವ ಅಂಚು ನಡೆಯುತ್ತಿದೆ ಎಂದು ಹೆಂಗಸರು ಹೇಳುತ್ತಿದ್ದರು. ಪುಟ್ಟಸಾಮಣ್ಣ ಮಾಡಿದ್ದಿಷ್ಟೇ. ಹೂವು ಬಳ್ಳಿಯ ಗೊಡವೆ ಬಿಟ್ಟು, ಯಾವ ಸದ್ದಾದ ಮೇಲೆ ಯಾವ ಸದ್ದು ಬರಬೇಕೋ ಅದಕ್ಕೆ ತಕ್ಕಂತೆ ರಟ್ಟಿಗೆ ತೂತು ಹೊಡೆಯಲು ಕೂತ.

ದಿನದ ನೇಯ್ಗೆ ಮುಗಿಸಿ, ಬೆಳಕಿರುವಷ್ಟು ಹೊತ್ತು ಜಗಲಿಯಲ್ಲಿ ಕೂತು ಕೊಡತಿ ಹಿಡಿದು ತೂತು ಹೊಡೆಯುತ್ತಿದ್ದ. ತಿಂಗಳುಗಟ್ಟಲೆ ಹೊಡೆದ. ಅವನ ಹೆಂಡತಿ ಚೌಡಮ್ಮ ಪಕ್ಕದಲ್ಲೇ ಲಾಳಿಗೆ ಹಾಕುವ ಕಂಡಿಕೆ ಸುತ್ತುತ್ತ, "ಊರೋರೆಲ್ಲ ಸೀರೆ ನೇಯ್ತಾರೆ, ಇವ್ರು ಗದ್ಲ ನೇಯ್ತಾವ್ರೆ ನೋಡಿ ಮೇಷ್ಟ್ರೇ," ಎನ್ನುತ್ತಿದ್ದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಗಂಡನ ಹುಚ್ಚನ್ನು ಅವಳು ಮನೆಯ ಇನ್ನೊಂದು ಕೆಲಸವೆಂಬಂತೆ ನಡೆಸಿಕೊಂಡು ಹೋಗುತ್ತಿದ್ದಳು.

ರಟ್ಟು ಮುಗಿದವು, ಕೇಳಿಸುವುದು ಹೇಗೆ? ಬೆಳಗಿನಿಂದ ಸಂಜೆಯವರೆಗೆ ಬೀದಿಯ ಪ್ರತಿ ಮನೆಯಲ್ಲೂ ಮಗ್ಗ. ಆ ಸಮುದ್ರದಲ್ಲಿ ಒಂದು ಮಗ್ಗದ ಸದ್ದನ್ನು ಬೇರೆ ಮಾಡಿ ಯಾರು ಕೇಳುತ್ತಾರೆ? ರಾತ್ರಿಯಾದರೆ ದಣಿದ ಜನ ಉಂಡು ಮಲಗಿಬಿಡುತ್ತಿದ್ದರು. ಹಗಲು ಬೀದಿ ಸುಮ್ಮನಿರುತ್ತಿದ್ದದ್ದು ತಿಂಗಳಿಗೊಂದು ಅಮಾವಾಸ್ಯೆಯ ದಿನ. ಅವತ್ತು ಗುಡಿಯ ಅಮ್ಮನ ಹೆಸರಿನಲ್ಲಿ ಮಗ್ಗಕ್ಕೆ ಪೂಜೆ ಮಾಡಿ ಬಿಟ್ಟುಬಿಡುತ್ತಿದ್ದರು. ಯಾರೂ ಗುಂಡಿಗೆ ಕಾಲಿಡುವಂತಿರಲಿಲ್ಲ. ನೂಲು ಕೊಟ್ಟು ಸೀರೆ ನೇಯಿಸುವ ಸಾಹುಕಾರರ ಒತ್ತಡ ಎಷ್ಟೇ ಇರಲಿ, ಮದುವೆ ಕಾಲವೇ ಇರಲಿ, ಅಮಾವಾಸ್ಯೆಗೆ ಲಾಳಿ ಓಡುತ್ತಿರಲಿಲ್ಲ. ಹೆಂಗಸರು ಅವತ್ತು ಎಣ್ಣೆ ಹಚ್ಚಿಕೊಂಡು ತಲೆಗೆ ಎರೆದುಕೊಂಡು ಜಗಲಿಯಲ್ಲಿ ಕಾಲು ಚಾಚಿ ಕೂರುತ್ತಿದ್ದರು. ಆ ದಿನ ನನ್ನ ಮನೆಯ ಗಡಿಯಾರದ ಸದ್ದು ನನಗೇ ಕೇಳಿಸಿ ಗಾಬರಿಯಾಗುತ್ತಿತ್ತು.

ಪುಟ್ಟಸಾಮಣ್ಣ ಕೇಳಿದ್ದು ಆ ದಿನವನ್ನೇ.

ಭಜನೆಮನೆಯ ಜಗಲಿಯಲ್ಲಿ ಪಂಚಾಯ್ತಿ ಸೇರಿತು. ಬೀದಿಗೆ ಯಜಮಾನ ವೀರಭದ್ರಯ್ಯ. ಒಳ್ಳೆಯ ಮನುಷ್ಯ, ಮಾತು ಕಮ್ಮಿ.

"ಅಮಾಸೆ ದಿನ ಗುಂಡಿಗಿಳಿಯಂಗಿಲ್ಲ. ಅದು ಅಮ್ಮನ ದಿನ. ನಿಂಗ್ ಗೊತ್ತಿಲ್ವೇನ್ಲಾ?" ಎಂದರು.

"ನೇಯಕ್ಕೆ ಇಳೀತಿಲ್ಲ ಯಜಮಾನ್ರೇ. ನುಡ್ಸಕ್ಕೆ ಇಳೀತೀನಿ," ಎಂದ ಪುಟ್ಟಸಾಮಣ್ಣ. "ಅಮಾಸೆಗೆ ಭಜ್ನೆ ಮಾಡಲ್ವ? ಇದೂ ಅಂಗೇಯ."

ಯಜಮಾನರು ಯೋಚಿಸಿದರು. ಕೆಲಸವಾದರೆ ಕೂಡದು, ಸಂಗೀತವಾದರೆ ಅಡ್ಡಿಯಿಲ್ಲ. ಹಾಗಾದರೆ ಇದು ಯಾವುದು? ಊರಿನ ಪಿಟೀಲು ಮಾಸ್ತರರನ್ನು ಅದಕ್ಕೆಂದೇ ಕರೆಸಿದ್ದರು. ಅವರು ಶಲ್ಯ ಸರಿಮಾಡಿಕೊಂಡು, "ಇದರಲ್ಲಿ ಶ್ರುತಿ ಎಲ್ಲಿದೆ, ಸ್ವರ ಎಲ್ಲಿದೆ? ತಾಳ ಇದೆ ಅನ್ನೋಣ. ತಾಳವೊಂದೇ ಸಂಗೀತವಾದರೆ ಭತ್ತ ಕುಟ್ಟುವುದೂ ಸಂಗೀತವೇ ಆಗಬೇಕಾಗುತ್ತದೆ," ಎಂದರು.

"ಊಂ ಮತ್ತೆ," ಎಂದ ಪುಟ್ಟಸಾಮಣ್ಣ ಸಂತೋಷದಿಂದ.

ಅದಕ್ಕಿಂತ ಕೆಟ್ಟ ಉತ್ತರ ಇರಲಿಲ್ಲ. ಎಲ್ಲರೂ ಜೋರಾಗಿ ನಕ್ಕರು. ಯಜಮಾನರು ನನ್ನ ಕಡೆ ತಿರುಗಿ, "ನೀವೇನಂತೀರಿ ಮೇಷ್ಟ್ರೇ?" ಎಂದರು. ನಾನು ಹೇಳಿದೆ, ನನಗೆ ಗೊತ್ತಿಲ್ಲ, ಕೇಳದೆ ಹೇಳುವುದು ಹೇಗೆ, ಕೇಳಬೇಕಾದರೆ ಮೊದಲು ಬೀದಿ ಸುಮ್ಮನಿರಬೇಕಲ್ಲ ಎಂದು. ಈ ಮಾತು ಅವರಿಗೆ ನ್ಯಾಯವೆನಿಸಿತು. ತೀರ್ಪು ಕೊಟ್ಟರು. "ಬಟ್ಟೆ ಬಂದ್ರೆ ಕೆಲ್ಸ. ಬರ್ದಿದ್ರೆ ನಿನ್ ಸಂಗೀತ. ನೂಲು ತಗ್ದಾಕಿ ಆಡ್ಸು."

ನೂಲು ತೆಗೆದರೆ ಮಗ್ಗ ಸತ್ತಂತೆ, ಎಳೆ ಬಿಗಿಯಿಲ್ಲದೆ ಆ ಸದ್ದೇ ಬರುವುದಿಲ್ಲ ಎಂದು ಪುಟ್ಟಸಾಮಣ್ಣ ಗೋಗರೆದ. ಕೊನೆಗೆ ಒಂದು ಒಪ್ಪಂದವಾಯಿತು. ಉದ್ದಕ್ಕೆ ಬಿಗಿದ ಹಾಸು ಇರಲಿ, ಅಡ್ಡ ಓಡುವ ಹೊಕ್ಕು ಬೇಡ. ಲಾಳಿಯಲ್ಲಿ ನೂಲಿಲ್ಲದಿದ್ದರೆ ಎಷ್ಟು ಆಡಿಸಿದರೂ ಒಂದು ಬೆರಳಗಲ ಬಟ್ಟೆಯೂ ಬರುವುದಿಲ್ಲ. ಆದರೆ ಬರಿಯ ಹಾಸಿನ ಮೇಲೆ ಬಾಚಣಿಗೆಯಂಥ ಹಣಿಗೆ ಬಡಿಯುತ್ತಿದ್ದರೆ ರೇಷ್ಮೆ ಉಜ್ಜಿ ಉಜ್ಜಿ ಜುಂಗು ಏಳುತ್ತದೆ, ಎಳೆ ಹರಿಯುತ್ತವೆ, ಹಾಸು ಮತ್ತೆ ಸೀರೆಗೆ ಬರುವುದಿಲ್ಲ. ಅದು ಸಾಹುಕಾರರದಲ್ಲ, ಗಂಡಹೆಂಡಿರ ಸ್ವಂತ ಹಾಸು. ಚೌಡಮ್ಮ ಬೆನ್ನು ಬಗ್ಗಿಸಿ ಒಂದೊಂದು ಎಳೆಯನ್ನೂ ಬೆರಳಲ್ಲಿ ಹೊಸೆದು ಕೂಡಿಸಿದ್ದಳು. ಅವಳನ್ನು ಕೇಳಿದಾಗ ಅವಳು ನನಗೆ ಹೇಳಿದಳು, "ಓಗ್ಲಿ ಬುಡಿ. ಒಂದ್ ದಪ ಆಡುಸ್ಲಿ. ಆಡುಸ್ನಿಲ್ಲ ಅಂದ್ರೆ ಇವ್ರು ಸಾಯಗಂಟ ಇಂಗೇ ಕೂತಿರ್ತಾರೆ."

ಅಮಾವಾಸ್ಯೆ ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಮುಂಚೆಯೇ ಜನ ಸೇರಿದರು. ಒಳಗೆ ಹಿಡಿಸಿದಷ್ಟು ಜನ ಮಗ್ಗದ ಸುತ್ತ, ಉಳಿದವರು ಜಗಲಿಯಲ್ಲಿ, ಕಿಟಕಿಯಲ್ಲಿ. ಯಜಮಾನರು ಮಣೆಯ ಮೇಲೆ. ಪಿಟೀಲು ಮಾಸ್ತರರು ಬರುವುದಿಲ್ಲ ಎಂದಿದ್ದವರು ಬಂದು ಬಾಗಿಲ ಬಳಿ ನಿಂತಿದ್ದರು. ಪುಟ್ಟಸಾಮಣ್ಣ ಮಡಿಪಂಚೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಗುಂಡಿಗಿಳಿದ. ಖಾಲಿ ಲಾಳಿ ಹಗುರವಾಗಬಾರದೆಂದು ಅದರೊಳಗೆ ಮೊಳೆ ತುಂಬಿ ಬಟ್ಟೆಯಿಂದ ಬಿಗಿದಿದ್ದ. ಅದನ್ನು ಯಜಮಾನರಿಗೆ ತೋರಿಸಿ, ನೂಲಿಲ್ಲ ಎಂದು ಒಪ್ಪಿಸಿ, ಶುರುಮಾಡಿದ.

ಮೊದಲು ಬಹಳ ಹಗುರವಾದ ರಟ್ಟುಗಳು. ನಾಲ್ಕಾರು ಎಳೆ ಎದ್ದು ಬೀಳುವ ಸದ್ದು, ಇದ್ದೂ ಇಲ್ಲದ ಹಾಗೆ. ಅದು ಸ್ವಲ್ಪ ಸ್ವಲ್ಪವೇ ತುಂಬಿಕೊಳ್ಳುತ್ತ ಬಂತು. ಒಂದು ಭಾರದ ಪೆಟ್ಟು ಬೀಳುತ್ತದೆ ಎಂದು ಕಾದರೆ ಬೀಳುತ್ತಿರಲಿಲ್ಲ, ಮರೆತಾಗ ಬೀಳುತ್ತಿತ್ತು. ನಾನು ಬೆರಳಲ್ಲಿ ತಾಳ ಹಾಕಿ ಲೆಕ್ಕ ಹಿಡಿಯಲು ನೋಡಿದೆ, ತಪ್ಪಿತು, ಮತ್ತೆ ಹಿಡಿದೆ, ಮತ್ತೆ ತಪ್ಪಿತು. ಲೆಕ್ಕದ ಮೇಷ್ಟ್ರಿಗೆ ನಾಚಿಕೆಯಾಗುವ ಬದಲು ಏನೋ ಖುಷಿಯಾಗುತ್ತಿತ್ತು. ಗೋಡೆಗೊರಗಿದ್ದ ಮುದುಕಿಯೊಬ್ಬಳ ತಲೆ ತಾನಾಗಿ ತೂಗುತ್ತಿತ್ತು. ಜೀವಮಾನವೆಲ್ಲ ಮಗ್ಗದ ಸದ್ದಿನಲ್ಲೇ ಬದುಕಿದ ಜನ, ಅದನ್ನು ಈಗ ಮೊದಲ ಸಲ ಕೇಳುತ್ತಿರುವವರ ಹಾಗೆ ಉಸಿರು ಹಿಡಿದು ಕೂತಿದ್ದರು. ಅದು ಸಂಗೀತವೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮುಂದಿನ ಪೆಟ್ಟಿಗೆ ನಾನು ಕಾಯುತ್ತಿದ್ದೆ ಎನ್ನುವುದು ಮಾತ್ರ ಗೊತ್ತು.

ನಡುವೆ ಒಂದು ಕಡೆ ಅವನು ತೂತೇ ಇಲ್ಲದ ರಟ್ಟುಗಳನ್ನು ಪೋಣಿಸಿದ್ದ. ತುಳಿದರೂ ಒಂದು ಎಳೆಯೂ ಏಳುವುದಿಲ್ಲ. ಅವನು ನಿಧಾನವಾಗಿ ತುಳಿಯುತ್ತಿದ್ದ, ಮಗ್ಗ ಸುಮ್ಮನಿತ್ತು. ಇಡೀ ಕೋಣೆ ಆ ಮೌನದೊಳಗೆ ಕೂತಿತ್ತು. ಆಗ ದೂರದಿಂದ ಒಂದು ಸದ್ದು ಬಂತು. ಟಕ್, ಟಕ್ ಎಂದು, ಮೆತ್ತಗೆ.

ಜಗಲಿಯಿಂದ ಯಾರೋ "ಬಲೇ" ಎಂದರು. ನಾನೂ ಅದು ಪುಟ್ಟಸಾಮಣ್ಣನ ಕೈಚಳಕವೇ ಎಂದುಕೊಂಡೆ. ಅವನ ಮುಖ ನೋಡಿದ ಮೇಲೆ ಅಲ್ಲ ಎಂದು ತಿಳಿಯಿತು.

ಅದು ಹಿಂದಿನ ಗಲ್ಲಿಯ ಮಗ್ಗ. ಅಲ್ಲಿಯವರಿಗೆ ನಮ್ಮ ಪಂಚಾಯ್ತಿಯ ಸುದ್ದಿ ಸರಿಯಾಗಿ ಮುಟ್ಟಿರಲಿಲ್ಲ. ಮದುವೆ ಕಾಲ, ಸಾಹುಕಾರರು ಸೀರೆಗೆ ಕುತ್ತಿಗೆಯ ಮೇಲೆ ಕೂತಿದ್ದರು. ಅಂಥದ್ದರಲ್ಲಿ ಅಮಾವಾಸ್ಯೆಯ ದಿನ ಯಜಮಾನರ ಬೀದಿಯಲ್ಲೇ ಮಗ್ಗ ಆಡುವುದು ಕೇಳಿಸಿದೆ. ಯಜಮಾನರೇ ಸಡಿಲ ಬಿಟ್ಟಿದ್ದಾರೆ ಎಂದುಕೊಂಡು ಒಬ್ಬ ಗುಂಡಿಗಿಳಿದಿದ್ದಾನೆ. ಅವನ ಸದ್ದು ಕೇಳಿ ಪಕ್ಕದವನು, ಅವನ ಸದ್ದು ಕೇಳಿ ಅವನಾಚೆಯವನು. ನಾವು ನೋಡುತ್ತಿದ್ದಂತೆಯೇ ಸದ್ದು ಗಲ್ಲಿಯಿಂದ ಗಲ್ಲಿಗೆ ಹಬ್ಬಿತು. ಜಗಲಿಯಲ್ಲಿ ಕೂತಿದ್ದವರಲ್ಲೂ ಒಬ್ಬಿಬ್ಬರು ಎದ್ದು ಮನೆ ಕಡೆ ಹೊರಟರು.

ಯಜಮಾನರು ದೊಣ್ಣೆ ಊರಿಕೊಂಡು ಹಿಂದಿನ ಗಲ್ಲಿಗೆ ಹೋದರು. ನಿಲ್ಲಿಸಿ ಎಂದರೆ, "ಅಲ್ಲಿ ಆಡ್ತಾ ಅದಲ್ಲ ಯಜಮಾನ್ರೇ, ನಮ್ದ್ಯಾಕೆ ನಿಲ್ಬೇಕು?" ಎಂದರಂತೆ. ಅದು ನೇಯ್ಗೆಯಲ್ಲ ಸಂಗೀತ ಎಂದರೆ, "ಕಿವಿಗೆಂಗೆ ಗೊತ್ತಾಯ್ತದೆ?" ಎಂದರಂತೆ. ಯಜಮಾನರು ದೊಣ್ಣೆ ಊರಿಕೊಂಡೇ ವಾಪಸು ಬಂದರು.

ಇತ್ತ ಪುಟ್ಟಸಾಮಣ್ಣ ನಿಲ್ಲಿಸಲಿಲ್ಲ. ಉಳಿದ ರಟ್ಟುಗಳನ್ನೆಲ್ಲ ಕೊನೆಯವರೆಗೂ ಆಡಿಸಿದ. ಕೋಣೆ ಖಾಲಿಯಾಗುತ್ತಿತ್ತು. ನಾನು ಒಂದು ಮೊಳ ದೂರದಲ್ಲಿ ಕೂತಿದ್ದೆ, ಅವನ ಸದ್ದು ಯಾವುದು ಊರಿನದು ಯಾವುದು ನನಗೆ ಬೇರೆಯಾಗಿ ಕೇಳಿಸಲಿಲ್ಲ. ರೇಷ್ಮೆಯ ಎಳೆಗಳು ಹರಿದು ಹಣಿಗೆಯ ಮುಂದೆ ಜೊಂಡಿನಂತೆ ನಿಂತಿದ್ದವು. ನನಗೆ ಅಳು ಬಂತು, ಎದ್ದು ಹೊರಗೆ ಹೋದೆ.

ಯಜಮಾನರು ಅವನಿಗೆ ದಂಡ ಹಾಕಲಿಲ್ಲ. ಬೈಯಲೂ ಇಲ್ಲ. ಅವನೇ ಅಮ್ಮನ ಗುಡಿಗೆ ಹೋಗಿ ತಪ್ಪುಕಾಣಿಕೆ ಒಪ್ಪಿಸಿ ಬಂದ. ಮುಂದಿನ ಅಮಾವಾಸ್ಯೆಗೆ ಯಾರೂ ಮಗ್ಗ ಮುಟ್ಟಕೂಡದೆಂದು ಯಜಮಾನರು ಸಾರಿಸಿದರು. ಆದರೆ ಒಮ್ಮೆ ದಾಟಿದ ಗೆರೆ, ಕೆಲವರು ಬಾಗಿಲು ಹಾಕಿಕೊಂಡು ಆಡಿಸಿದರು. ಕೇಳಿದರೆ ಪುಟ್ಟಸಾಮಣ್ಣನ ಹೆಸರು ಹೇಳಿದರು. ಅಮ್ಮ ಯಾರಿಗೂ ಏನೂ ಮಾಡಲಿಲ್ಲ ಎಂಬ ಧೈರ್ಯ ಬೇರೆ. ಕೆಲವು ವರ್ಷಗಳಲ್ಲಿ ಬಾಗಿಲು ಹಾಕಿಕೊಳ್ಳುವುದೂ ನಿಂತಿತು. ಸಾಹುಕಾರರು ಅಮಾವಾಸ್ಯೆಯನ್ನೂ ಲೆಕ್ಕಕ್ಕೆ ಹಿಡಿದೇ ಸೀರೆಗೆ ಗಡುವು ಕೊಡತೊಡಗಿದರು. ಬೀದಿಗಿದ್ದ ಒಂದು ದಿನದ ಬಿಡುವು ಹೋಯಿತು. ಪುಟ್ಟಸಾಮಣ್ಣನಿಗೆ ಬೇಕಾಗಿದ್ದ ಮೌನವೂ ಅದರ ಜೊತೆಗೇ ಹೋಯಿತು.

ಗಂಡಸರು ಅವನನ್ನು ಗೇಲಿ ಮಾಡಿ ಮರೆತರು. ಹೆಂಗಸರು ಮರೆಯಲಿಲ್ಲ. ನೀರಿಗೆ ಹೋದಾಗ ಚೌಡಮ್ಮನ ಜೊತೆ ಮಾತು ಬಿಟ್ಟವರಿದ್ದರು. ಅವಳೂ ಒಳಗೊಳಗೇ ಅವರ ಕಡೆಯೇ ಇದ್ದಳೆಂದು ಕಾಣುತ್ತದೆ. ಒಂದು ಅಮಾವಾಸ್ಯೆ ನಾನು ಹೋದಾಗ ಕಂಡಿಕೆ ಸುತ್ತುತ್ತಲೇ ಹೇಳಿದಳು. "ಆಸು ಓದದ್ದು ಓಯ್ತು ಮೇಷ್ಟ್ರೇ, ಇನ್ನೊಂದು ಮಾಡ್ಕಂಡ್ವಿ. ತಿಂಗ್ಳಿಗೊಂದಿನ ಬೆನ್ನು ನೆಟ್ಗಾಯ್ತಿತ್ತು, ಅದ ಎಲ್ಲಿಂದ ತರನ?" ಒಳಗೆ ಗುಂಡಿಯಲ್ಲಿ ಕೂತಿದ್ದ ಪುಟ್ಟಸಾಮಣ್ಣನಿಗೆ ಅದು ಕೇಳಿಸಿರಲೇಬೇಕು. ಲಾಳಿ ನಿಲ್ಲಲಿಲ್ಲ.

ಆಮೇಲೆ ನನಗೆ ಹನೂರಿಗೆ ವರ್ಗವಾಯಿತು. ವರ್ಷಕ್ಕೊಮ್ಮೆ ಕೊಳ್ಳೇಗಾಲಕ್ಕೆ ಬಂದರೆ ಹೆಚ್ಚು. ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ ಕೊನೆಯ ಸಲ ಅವನನ್ನು ನೋಡಿದ್ದು. ತೆಳ್ಳಗಾಗಿದ್ದ, ಸಾಹುಕಾರ ಕೊಟ್ಟ ಗೋಪುರದ ಅಂಚನ್ನೇ ನೇಯುತ್ತಿದ್ದ. ನನ್ನನ್ನು ಕಂಡು ಎದ್ದು ಬಂದು, ಕಾಫಿ ತರಿಸಿ, ಸಂಬಳ ಏರಿತೇ ಎಂದು ವಿಚಾರಿಸಿದ. ಬೇರೆ ಯಾವ ನೇಕಾರನ ಬಳಿಯೂ ಆಡಬಹುದಾದ ಮಾತುಗಳೇ. ಕೊನೆಗೆ ನಾನೇ ಆ ರಟ್ಟುಗಳ ವಿಷಯ ಎತ್ತಿದೆ. ಇದ್ದರೆ ಇನ್ನೊಮ್ಮೆ ಆಡಿಸು, ನಾನೊಬ್ಬನೇ ಕೇಳುತ್ತೇನೆ ಎಂದೆ.

"ಅವ ನೀರೊಲೆಗೆ ಆಕ್ಬುಟ್ಟೆ ಮೇಷ್ಟ್ರೇ," ಎಂದ. "ಚೆನ್ನಾಗಿ ಉರುದ್ವು. ಒಂಚೂರೂ ಸದ್ದು ಮಾಡ್ನಿಲ್ಲ."

ಮತ್ತೆ ಎರಡು ವರ್ಷವಾಗಿರಬಹುದು. ಕೊಳ್ಳೇಗಾಲದಿಂದ ಬೆಟ್ಟಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಹನೂರಿನಲ್ಲಿ ಇಳಿದು, ನಿಮ್ಮ ನೇಕಾರ ಬೆಳಗ್ಗೆ ಹೋಗಿಬಿಟ್ಟನಂತೆ ಎಂದ. ಕೊಳ್ಳೇಗಾಲದ ಕಡೆಗೆ ಮೊದಲು ಸಿಕ್ಕ ಬಸ್ಸು ಹತ್ತಿ ಬಂದೆ. ಬೀದಿಯ ತುದಿಯಲ್ಲೇ ಕಾಲು ತಡೆದು ನಿಂತಿತು. ಒಂದು ಮಗ್ಗವೂ ಆಡುತ್ತಿರಲಿಲ್ಲ. ಸಾವಿನ ಮನೆಯಿಂದ ಹೆಣ ಏಳುವವರೆಗೆ ಆ ಬೀದಿಯಲ್ಲೂ ಸುತ್ತಿನ ಗಲ್ಲಿಗಳಲ್ಲೂ ಮಗ್ಗ ಆಡಿಸಬಾರದು. ಆ ಒಂದು ಪದ್ಧತಿ ಇನ್ನೂ ಉಳಿದಿತ್ತು.

ಅವನನ್ನು ಜಗಲಿಯಲ್ಲಿ ಕೂರಿಸಿದ್ದರು. ಬಾಯಿ ಅರ್ಧ ತೆರೆದಿತ್ತಂತೆ, ಬಟ್ಟೆ ಕಟ್ಟಿ ಮುಚ್ಚಿದ್ದರು. ಚೌಡಮ್ಮ ಪಕ್ಕದಲ್ಲಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಅತ್ತು ಸುಸ್ತಾಗಿದ್ದಳು. ನನ್ನನ್ನು ನೋಡಿ ಕೂರಲು ಜಾಗ ತೋರಿಸಿದಳು.

"ಕೇಳ್ತಾ ಅದಾ ಮೇಷ್ಟ್ರೇ?" ಎಂದಳು ಆಮೇಲೆ. "ಅಮಾಸೆ ಇಂಗೇ ಇರ್ತಿತ್ತು."

ಹೊತ್ತು ಇಳಿಯುವ ಮುಂಚೆ ಎತ್ತಿದರು. ನಾನೂ ಸ್ವಲ್ಪ ದೂರ ಹೆಗಲು ಕೊಟ್ಟೆ. ಬೀದಿಯ ಕೊನೆ ತಿರುಗುವಷ್ಟರಲ್ಲಿ ಹಿಂದೆ ಒಂದು ಮಗ್ಗ ಶುರುವಾಯಿತು. ನಾಲ್ಕು ಹೆಜ್ಜೆಗೆ ಇನ್ನೊಂದು. ಆಮೇಲೆ ಎಣಿಸಲಾಗಲಿಲ್ಲ. ಮುಂದೆ ಹೋಗುತ್ತಿದ್ದವರು ಯಾರೂ ತಿರುಗಿ ನೋಡಲಿಲ್ಲ, ಅವರಿಗೆ ಅದು ಕೇಳಿಸಿತೆಂದೂ ನನಗೆ ಅನ್ನಿಸುವುದಿಲ್ಲ. ಆ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದವನು ಬೀದಿಗೆ ಒಬ್ಬನೇ, ಅವನನ್ನೇ ನಾವು ಹೊತ್ತುಕೊಂಡು ಹೋಗುತ್ತಿದ್ದೆವು.